ಗಾಲ್ಫ್ ರಿಯಾಯಿತಿ ಕಾರ್ಡು: ತುಮಕೂರಿನವರಿಗೆ ಎಷ್ಟು ಲಾಭ?

ತುಮಕೂರು: ಗಾಲ್ಫ್ ಎಂದರೆ ಶ್ರೀಮಂತರ ಆಟ ಎಂಬ ಮಾತು ಹಳೆಯದು. ಆದರೂ 2021ರ ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್‌ನ ನಿಯಮವೇ ಗೊತ್ತಿಲ್ಲದ ಸಾವಿರಾರು ಮನೆಗಳಲ್ಲಿ ಟಿ.ವಿ. ಮುಂದೆ ಜನ ಕುಳಿತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಅಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಅಂಚಿಗೆ ಬಂದು ನಾಲ್ಕನೆಯವರಾದರು. ಅದರ ನಂತರ ಮಕ್ಕಳಿಗೆ ಈ ಆಟ ಕಲಿಸಬೇಕೆಂಬ ಆಸೆ ಸಣ್ಣ ಪಟ್ಟಣಗಳಲ್ಲಿಯೂ ಮೂಡಿದ್ದರೆ ಆಶ್ಚರ್ಯವಿಲ್ಲ. ಆಸೆಯ ಬೆನ್ನಿಗೇ ಬರುವ ಪ್ರಶ್ನೆ ಖರ್ಚಿನದು. ಬ್ಯಾಂಕುಗಳ ಕ್ರೆಡಿಟ್ ಕಾರ್ಡುಗಳು, ಸದಸ್ಯತ್ವ ಯೋಜನೆಗಳು, ರಿಯಾಯಿತಿ ಪಾಸುಗಳು 'ಗ್ರೀನ್ ಫೀ ಉಚಿತ', 'ಗ್ರೀನ್ ಫೀ ಅರ್ಧ' ಎಂದು ಕರೆಯುತ್ತಿರುವಾಗ ತುಮಕೂರು, ಗುಬ್ಬಿ, ಕುಣಿಗಲ್‌ನ ಆಸಕ್ತರಿಗೆ ಇವುಗಳಿಂದ ನಿಜವಾಗಿ ದೊರೆಯುವುದೇನು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಗ್ರೀನ್ ಫೀ ಎಂದರೇನು?

ಗಾಲ್ಫ್ ಮೈದಾನದಲ್ಲಿ ಒಂದು ಸುತ್ತು, ಅಂದರೆ 18 ಅಥವಾ 9 ಕುಳಿಗಳನ್ನು ಆಡಲು ಸದಸ್ಯನಲ್ಲದವನು ಕೊಡುವ ಶುಲ್ಕವೇ ಗ್ರೀನ್ ಫೀ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಭಾಗಕ್ಕೆ 'ಗ್ರೀನ್' ಎಂದು ಹೆಸರು. ಆದರೆ ಶುಲ್ಕದ ಹೆಸರು ಬಂದಿರುವುದು ಇಡೀ ಮೈದಾನವನ್ನೇ 'ಗ್ರೀನ್' ಎನ್ನುತ್ತಿದ್ದ ಹಳೆಯ ಬಳಕೆಯಿಂದ. ಸದಸ್ಯರಿಗೆ ಸಾಮಾನ್ಯವಾಗಿ ಕಡಿಮೆ ದರ, ಸದಸ್ಯರ ಅತಿಥಿಗೆ ಅದಕ್ಕಿಂತ ಹೆಚ್ಚು, ಹೊರಗಿನ ಸಂದರ್ಶಕನಿಗೆ ಇನ್ನೂ ಹೆಚ್ಚು, ವಿದೇಶಿಯರಿಗೆ ಎಲ್ಲಕ್ಕಿಂತ ಹೆಚ್ಚು ಎಂಬುದು ನಮ್ಮ ದೇಶದ ಬಹುತೇಕ ಕ್ಲಬ್ಬುಗಳ ರೂಢಿ. ವಾರಾಂತ್ಯದ ದರ ವಾರದ ದಿನಗಳ ದರಕ್ಕಿಂತ ಮೇಲು.

ಇದೊಂದೇ ಖರ್ಚಲ್ಲ. ಚೀಲ ಹೊತ್ತು ದಾರಿ ತೋರಿಸುವ ಕ್ಯಾಡಿಯ ಕೂಲಿ, ಬೇಕಾದರೆ ಬ್ಯಾಟರಿ ಗಾಡಿಯ ಬಾಡಿಗೆ, ಸ್ವಂತ ಕ್ಲಬ್ ಅಂದರೆ ಕೋಲುಗಳಿಲ್ಲದವರಿಗೆ ಅವುಗಳ ಬಾಡಿಗೆ, ಕಳೆದುಹೋಗುವ ಚೆಂಡುಗಳ ಬೆಲೆ, ಮೇಲೆ ತೆರಿಗೆ, ಇವೆಲ್ಲ ಸೇರುತ್ತವೆ. ಹೊಸಬರ ಚೆಂಡುಗಳು ಕೆರೆ, ಪೊದೆಗಳ ಪಾಲಾಗುವುದು ಎಲ್ಲ ಮೈದಾನಗಳಲ್ಲಿಯೂ ನಿತ್ಯದ ದೃಶ್ಯ.

ಎಲ್ಲಿ ಆಡಬಹುದು?

ತುಮಕೂರು ನಗರದಲ್ಲಾಗಲಿ, ಗುಬ್ಬಿ, ಕುಣಿಗಲ್‌ಗಳಲ್ಲಾಗಲಿ 18 ಕುಳಿಗಳ ಸಾರ್ವಜನಿಕ ಗಾಲ್ಫ್ ಮೈದಾನವಿಲ್ಲ. ಆದ್ದರಿಂದ ಇಲ್ಲಿನ ಆಸಕ್ತರು ಸುಮಾರು 70 ಕಿ.ಮೀ. ದೂರದ ಬೆಂಗಳೂರನ್ನು ಅವಲಂಬಿಸಬೇಕು.

ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದುದು 1876ರಲ್ಲಿ. ಹೈಗ್ರೌಂಡ್ಸ್‌ನ ಸುಮಾರು 60 ಎಕರೆಯಲ್ಲಿ 18 ಕುಳಿಗಳನ್ನು ಒತ್ತಾಗಿ ಹೊಂದಿಸಿರುವ ಈ ಮೈದಾನ ನಗರದ ನಡುವೆಯೇ ಇರುವುದರಿಂದ ಸದಸ್ಯರ ಬೇಡಿಕೆಯೇ ಹೆಚ್ಚು. ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ 1970ರ ದಶಕದಲ್ಲಿ ಹುಟ್ಟಿದ ಸಂಸ್ಥೆ. ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ವಿನ್ಯಾಸಗೊಳಿಸಿದ ಇದರ ಮೈದಾನದಲ್ಲಿ 2012ರ ಇಂಡಿಯನ್ ಓಪನ್ ನಡೆಯಿತು. ಅದಿತಿ ಅಶೋಕ್ ಐದರ ಹರೆಯದಲ್ಲಿ ಮೊದಲು ಚೆಂಡು ಹೊಡೆದದ್ದೂ ಇಲ್ಲಿನ ಅಭ್ಯಾಸ ಅಂಗಣದಲ್ಲಿ.

ದೇವನಹಳ್ಳಿ ಮತ್ತು ನಂದಿಬೆಟ್ಟದ ನಡುವಿನ ಪ್ರೆಸ್ಟೀಜ್ ಗಾಲ್ಫ್‌ಶೈರ್ ರೆಸಾರ್ಟು, ವಿಲ್ಲಾಗಳೊಂದಿಗೆ ಬೆಳೆದ ಮೈದಾನ. ತುಮಕೂರಿನವರಿಗೆ ಒಂದು ಅನುಕೂಲವಿದೆ: ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ದೊಡ್ಡಬಳ್ಳಾಪುರದ ಮೂಲಕ ಹೋದರೆ ಬೆಂಗಳೂರಿನ ವಾಹನ ದಟ್ಟಣೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಕುಣಿಗಲ್‌ನವರಿಗೆ ಮಾಗಡಿ ಮಾರ್ಗವಾಗಿ ಹತ್ತಿರವಾಗುವುದು ಬಿಡದಿ. ಅಲ್ಲಿನ ಈಗಲ್‌ಟನ್ ರೆಸಾರ್ಟಿನ ಹೆಸರನ್ನು ಗಾಲ್ಫ್‌ಗಿಂತ ಶಾಸಕರ ವಾಸ್ತವ್ಯದಿಂದಲೇ ಹೆಚ್ಚು ಜನ ಬಲ್ಲರು; 2017ರಲ್ಲಿ ಗುಜರಾತಿನವರು, 2018 ಮತ್ತು 2019ರಲ್ಲಿ ನಮ್ಮವರೇ ಅಲ್ಲಿ ತಂಗಿದ್ದರು. ಅದರ ಭೂಮಿಯ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತಾದ್ದರಿಂದ ಆಡುವ ಉದ್ದೇಶದಿಂದ ಹೊರಡುವವರು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಅರಸರ ಕಾಲದ್ದು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಕುದುರೆ ಪಂದ್ಯದ ಮೈದಾನದ ಆವರಣದಲ್ಲಿದೆ. ಕುಣಿಗಲ್‌ನಿಂದ ಹುಲಿಯೂರುದುರ್ಗ, ಮದ್ದೂರು ಮಾರ್ಗವಾಗಿ ತಲುಪಬಹುದು. ಚಿಕ್ಕಮಗಳೂರು ಮತ್ತು ಕೊಡಗಿನ ಮೈದಾನಗಳು ಒಂದು ದಿನದ ಪ್ರಯಾಣಕ್ಕೆ ದೂರವೆನಿಸುತ್ತವೆ. ರಜೆಯೊಂದಿಗೆ ಸೇರಿಸಿಕೊಂಡರೆ ಮಾತ್ರ ಸರಿಹೋದೀತು.

ಕಾರ್ಡುಗಳ ಬಗೆ

ರಿಯಾಯಿತಿ ಕಾರ್ಡು ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಅವುಗಳ ವ್ಯತ್ಯಾಸ ತಿಳಿಯದೆ ಹಣ ಕಟ್ಟಿದವರು ಆಮೇಲೆ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಮೊದಲನೆಯದು ಕ್ಲಬ್ಬುಗಳ ನಡುವಿನ ಪರಸ್ಪರ ಒಪ್ಪಂದ. ಒಂದು ಕ್ಲಬ್ಬಿನ ಸದಸ್ಯ ತನ್ನ ಕಾರ್ಯದರ್ಶಿಯ ಪರಿಚಯ ಪತ್ರದೊಂದಿಗೆ ಇನ್ನೊಂದು ಊರಿನ ಕ್ಲಬ್ಬಿಗೆ ಹೋದರೆ ಕಡಿಮೆ ದರದಲ್ಲಿ ಆಡಬಹುದು. ಇದು ಬಹಳ ಹಳೆಯ ಪದ್ಧತಿ, ನಂಬಿಕೆಗೂ ಅರ್ಹ. ಆದರೆ ಮೊದಲು ಎಲ್ಲಿಯಾದರೂ ಸದಸ್ಯರಾಗಿರಬೇಕಲ್ಲ? ಬೆಂಗಳೂರಿನ ಹಳೆಯ ಕ್ಲಬ್ಬುಗಳ ಸದಸ್ಯತ್ವಕ್ಕೆ ದೀರ್ಘ ಕಾಲ ಕಾಯಬೇಕಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ತಮ್ಮೂರಿನಲ್ಲಿ ಗಾಲ್ಫ್ ಕ್ಲಬ್ಬೇ ಇಲ್ಲದವರಿಗೆ ಈ ಬಾಗಿಲು ಮುಚ್ಚಿದಂತೆಯೇ.

ಎರಡನೆಯದು ಬ್ಯಾಂಕುಗಳ ದುಬಾರಿ ಕ್ರೆಡಿಟ್ ಕಾರ್ಡು. ಕೆಲವು ಕಾರ್ಡುಗಳು ತ್ರೈಮಾಸಿಕಕ್ಕೆ ಇಂತಿಷ್ಟು ಸುತ್ತು ಉಚಿತ ಎನ್ನುತ್ತವೆ. ಇನ್ನು ಕೆಲವು ಹಿಂದಿನ ತಿಂಗಳು ನಿಗದಿತ ಮೊತ್ತ ಖರ್ಚು ಮಾಡಿದವರಿಗೆ ಮಾತ್ರ ಸೌಲಭ್ಯ ಕೊಡುತ್ತವೆ. ಇಲ್ಲಿ ಗಮನಿಸಬೇಕಾದ ಷರತ್ತುಗಳು ಹಲವು. ಉಚಿತವಾಗುವುದು ಸಾಮಾನ್ಯವಾಗಿ ಗ್ರೀನ್ ಫೀ ಮಾತ್ರ. ಕ್ಯಾಡಿ, ಗಾಡಿ, ಊಟ ಆಟಗಾರನದೇ. ಕಾಯ್ದಿರಿಸುವಿಕೆ ಬ್ಯಾಂಕಿನ ಸಹಾಯವಾಣಿಯ ಮೂಲಕವೇ ಆಗಬೇಕು, ನೇರವಾಗಿ ಮೈದಾನಕ್ಕೆ ಹೋಗಿ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ಜೊತೆಯಲ್ಲಿ ಬಂದ ಮಗನಿಗೋ ಸ್ನೇಹಿತನಿಗೋ ಪೂರ್ಣ ದರ. ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ದಂಡ. ಇಷ್ಟೆಲ್ಲ ದಾಟಿ ಬಂದರೂ ಮೈದಾನದವರು 'ಆ ದಿನ ಸಮಯ ಖಾಲಿಯಿಲ್ಲ' ಎಂದರೆ ಮುಗಿಯಿತು. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನೆನಪಾಗುವುದು ಆಗಲೇ. ಪಟ್ಟಿಯಲ್ಲಿರುವ ಮೈದಾನಗಳೂ, ಉಚಿತ ಸುತ್ತುಗಳ ಸಂಖ್ಯೆಯೂ ಆಗಾಗ ಬದಲಾಗುವುದರಿಂದ ಕಳೆದ ವರ್ಷದ ಕರಪತ್ರವನ್ನು ನಂಬಲಾಗದು. ವಾರ್ಷಿಕ ಶುಲ್ಕವೇ 10 ಸಾವಿರ ರೂಪಾಯಿ ಮೀರುವ ಕಾರ್ಡುಗಳಿವೆ. ಗಾಲ್ಫ್‌ಗಾಗಿಯೇ ಅಂಥದನ್ನು ಪಡೆಯುವುದು ಮೂಗಿಗಿಂತ ಮೂಗುತಿ ಭಾರ ಎನ್ನುವಂತಾಗುತ್ತದೆ. ಬೇರೆ ಕಾರಣಕ್ಕೆ ಈಗಾಗಲೇ ಇದ್ದರೆ ಬಳಸಿಕೊಳ್ಳಲು ಅಡ್ಡಿಯಿಲ್ಲ.

ಮೂರನೆಯದು ಮಾರಾಟದ ಪಾಸು. ಅಮೆರಿಕ, ಬ್ರಿಟನ್‌ಗಳಲ್ಲಿ ಇದು ಬಹು ಪ್ರಚಲಿತ. ಅಲ್ಲಿನ ಅಮೆರಿಕನ್ ಲಂಗ್ ಅಸೋಸಿಯೇಷನ್ ಎಂಬ ಆರೋಗ್ಯ ಸೇವಾ ಸಂಸ್ಥೆ ನಿಧಿ ಸಂಗ್ರಹಕ್ಕಾಗಿ ಹಲವು ರಾಜ್ಯಗಳಲ್ಲಿ ಗಾಲ್ಫ್ ಕಾರ್ಡು ಮಾರುತ್ತ ಬಂದಿದೆ. ಕಾರ್ಡು ಕೊಂಡವನಿಗೆ ಪಟ್ಟಿಯಲ್ಲಿರುವ ಮೈದಾನಗಳಲ್ಲಿ ಗ್ರೀನ್ ಫೀ ಉಚಿತ ಅಥವಾ ಕಡಿಮೆ. ಆದರೆ ಗಾಡಿಯ ಬಾಡಿಗೆ ಕೊಡಬೇಕು. ಮೈದಾನದವರಿಗೆ ಇದರಲ್ಲಿ ನಷ್ಟವಿಲ್ಲ. ಮಂಗಳವಾರ ಮಧ್ಯಾಹ್ನ ಹೇಗೂ ಖಾಲಿ ಬಿದ್ದಿರುವ ಹುಲ್ಲಿನ ಮೇಲೆ ಒಬ್ಬ ಆಡಿದರೆ ಹೆಚ್ಚುವರಿ ವೆಚ್ಚ ಏನೂ ಇಲ್ಲ, ಗಾಡಿ ಮತ್ತು ಕ್ಯಾಂಟೀನಿನಿಂದ ಆದಾಯ ಬರುತ್ತದೆ. ಸಿನಿಮಾ ಮಂದಿರದವರು ಬೆಳಗಿನ ಆಟಕ್ಕೆ ದರ ಇಳಿಸುವುದೂ ಇದೇ ಲೆಕ್ಕದಿಂದ. ಮೈದಾನಗಳು ಹೆಚ್ಚಾಗಿ, ಆಟಗಾರರು ಕಡಿಮೆಯಾಗಿರುವ ದೇಶದಲ್ಲಿ ಮಾತ್ರ ಈ ಯೋಜನೆ ನಡೆಯುತ್ತದೆ. ಬೆಂಗಳೂರಿನಲ್ಲಿ ಪರಿಸ್ಥಿತಿ ತಿರುಗುಮುರುಗು. ಮೈದಾನಗಳು ಬೆರಳೆಣಿಕೆಯಷ್ಟು, ಆಡಲು ಬಯಸುವವರು ಬಹಳ. ಆದ್ದರಿಂದಲೇ ಇಲ್ಲಿ ರಿಯಾಯಿತಿ ಎಂದರೆ ಬಹುಪಾಲು ವಾರದ ದಿನಗಳ, ಬಿಸಿಲು ಹೊತ್ತಿನ ರಿಯಾಯಿತಿ.

ಇವುಗಳ ಜೊತೆಗೆ ಹ್ಯಾಂಡಿಕ್ಯಾಪ್ ಪ್ರಮಾಣ ಪತ್ರವನ್ನೂ ಕೆಲವರು ರಿಯಾಯಿತಿ ಕಾರ್ಡೆಂದು ತಪ್ಪಾಗಿ ತಿಳಿಯುತ್ತಾರೆ. ಆಟಗಾರನ ಸಾಮರ್ಥ್ಯವನ್ನು ಅಂಕಿಯಲ್ಲಿ ಹೇಳುವ ದಾಖಲೆಯದು. 2020ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಂತೆ ಗರಿಷ್ಠ ಹ್ಯಾಂಡಿಕ್ಯಾಪ್ 54. ಹಲವು ಮೈದಾನಗಳಲ್ಲಿ ಇದಿಲ್ಲದೆ, ಎಷ್ಟೇ ಹಣ ಕೊಟ್ಟರೂ ಹೊಸಬರನ್ನು ಬಿಡುವುದಿಲ್ಲ. ಹೀಗಾಗಿ ಮೊದಲು ಬೇಕಾದುದು ರಿಯಾಯಿತಿಯಲ್ಲ, ಹ್ಯಾಂಡಿಕ್ಯಾಪ್.

ಲೆಕ್ಕ ಹೀಗಿದೆ

ಉದಾಹರಣೆಗೆ ಗ್ರೀನ್ ಫೀ 3,000 ರೂ., ಕ್ಯಾಡಿಗೆ 600, ತುಮಕೂರಿನಿಂದ ಹೋಗಿಬರುವ 140 ಕಿ.ಮೀ.ಗೆ ಇಂಧನ ಮತ್ತು ಟೋಲ್ 1,200, ಊಟ ತಿಂಡಿಗೆ 400 ಎಂದಿಟ್ಟುಕೊಳ್ಳೋಣ. ಒಟ್ಟು 5,200 ರೂ. 'ಶೇ 50 ರಿಯಾಯಿತಿ' ಕಾರ್ಡು ಇದರಲ್ಲಿ ಉಳಿಸುವುದು 1,500 ರೂ. ಅಂದರೆ ಒಟ್ಟು ಖರ್ಚಿನ ಶೇ 29ರಷ್ಟು ಮಾತ್ರ. ಕಾರ್ಡಿನ ಬೆಲೆ ವರ್ಷಕ್ಕೆ 6,000 ರೂ. ಆದರೆ ಮೊದಲ ನಾಲ್ಕು ಸುತ್ತುಗಳ ಉಳಿತಾಯ ಕಾರ್ಡಿಗೇ ಹೋಗುತ್ತದೆ. ಲಾಭ ಆರಂಭವಾಗುವುದು ಐದನೆಯ ಸುತ್ತಿನಿಂದ. ಬೆಂಗಳೂರಿನಲ್ಲಿಯೇ ಇರುವವನು ತಿಂಗಳಿಗೆರಡು ಬಾರಿ ಆಡಿಯಾನು. ವಾರದ ದಿನ ರಜೆ ಹಾಕಿ ತುಮಕೂರಿನಿಂದ ಹೋಗಬೇಕಾದವನು ವರ್ಷಕ್ಕೆಷ್ಟು ಸಲ ಹೋದಾನು ಎಂಬುದನ್ನು ಅವನೇ ಪ್ರಾಮಾಣಿಕವಾಗಿ ಎಣಿಸಿ ನೋಡಬೇಕು.

ಸ್ಥಳೀಯರ ಕಾರ್ಡು ಎಂಬ ಇನ್ನೊಂದು ಬಗೆ

ಜಗತ್ತಿನ ಅತ್ಯಂತ ಹೆಸರಾದ ಗಾಲ್ಫ್ ಮೈದಾನ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಅದು ಶ್ರೀಮಂತರ ಖಾಸಗಿ ಕ್ಲಬ್ಬಿನ ಸೊತ್ತು ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಸಾರ್ವಜನಿಕ ಭೂಮಿ. ಆ ಹುಲ್ಲುಗಾವಲಿನಲ್ಲಿ ಆಡುವ ಊರವರ ಹಕ್ಕನ್ನು 1552ರ ಸನ್ನದೊಂದು ಮಾನ್ಯ ಮಾಡಿದೆ. 1974ರ ಕಾಯ್ದೆಯಂತೆ ಒಂದು ಟ್ರಸ್ಟ್ ಅಲ್ಲಿನ ಮೈದಾನಗಳನ್ನು ನೋಡಿಕೊಳ್ಳುತ್ತದೆ. ಹೊರಗಿನಿಂದ ಬರುವವರು ಭಾರಿ ಗ್ರೀನ್ ಫೀ ಕೊಡುತ್ತಾರೆ. ಊರಿನ ನಿವಾಸಿ ವಾರ್ಷಿಕ ಟಿಕೆಟ್ ಒಂದನ್ನು ಪಡೆದು ವರ್ಷವಿಡೀ ಆಡುತ್ತಾನೆ. ಭಾನುವಾರ ಹಳೆಯ ಮೈದಾನದಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರವರು ನಾಯಿಯೊಂದಿಗೆ ಅಡ್ಡಾಡುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಟಾರಿ ಪೈನ್ಸ್ ಮೈದಾನವೂ ನಗರಾಡಳಿತದ್ದೇ. 2008 ಮತ್ತು 2021ರ ಯು.ಎಸ್. ಓಪನ್ ನಡೆದ ಅದೇ ಹುಲ್ಲಿನ ಮೇಲೆ ನಗರದ ನಿವಾಸಿಗಳು ಗುರುತಿನ ಕಾರ್ಡು ತೋರಿಸಿ ಕಡಿಮೆ ದರದಲ್ಲಿ ಆಡುತ್ತಾರೆ. ನಮ್ಮ ದೇಶದಲ್ಲಿಯೂ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಲಾಡೋ ಸರಾಯ್‌ನಲ್ಲಿ ಕುತುಬ್ ಗಾಲ್ಫ್ ಮೈದಾನ ನಿರ್ಮಿಸಿ, ಸದಸ್ಯತ್ವದ ಹಂಗಿಲ್ಲದೆ ಶುಲ್ಕ ಕೊಟ್ಟು ಆಡುವ ವ್ಯವಸ್ಥೆ ಮಾಡಿದೆ.

ಕರ್ನಾಟಕದಲ್ಲಿ ಇಂಥ ಕಾರ್ಡು ರೂಢಿಗೆ ಬಂದಿಲ್ಲ. ವಿಚಿತ್ರವೆಂದರೆ ಬೆಂಗಳೂರಿನ ಎರಡು ಪ್ರಮುಖ ಕ್ಲಬ್ಬುಗಳು ನಿಂತಿರುವುದು ಸರ್ಕಾರದಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವಿರುವ ಜಾಗ ಹಿಂದೆ ಚಲ್ಲಘಟ್ಟ ಕೆರೆಯಾಗಿತ್ತು. ಭೂಮಿ ಸಾರ್ವಜನಿಕರದು, ಬಾಗಿಲು ಸದಸ್ಯರದು. ಗುತ್ತಿಗೆ ನವೀಕರಣದ ಸಮಯದಲ್ಲಿ ಬಾಡಿಗೆಯ ಮೊತ್ತದ ಬಗ್ಗೆ ಚರ್ಚೆಯಾಗುವುದುಂಟು. ವಾರಕ್ಕೆ ಇಂತಿಷ್ಟು ಗಂಟೆ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ, ಹೊರ ಜಿಲ್ಲೆಗಳ ಯುವಕರಿಗೆ ನಿವಾಸಿ ದರದಲ್ಲಿ ಕೊಡಬೇಕೆಂಬ ಷರತ್ತನ್ನೂ ಅದೇ ಪತ್ರದಲ್ಲಿ ಬರೆಯಲು ಸಾಧ್ಯವಿದೆ. ಬ್ಯಾಂಕಿನ ಕಾರ್ಡಿಗಿಂತ ಇಂಥ ಒಂದು ಸಾಲು ತುಮಕೂರಿನ ಹುಡುಗನಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಇದು ಕೇವಲ ಕಲ್ಪನೆಯಲ್ಲ ಎನ್ನಲು ಇಬ್ಬರು ಆಟಗಾರರೇ ಸಾಕ್ಷಿ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಚೀಲ ಹೊತ್ತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ರಾಂಪುರದ ಎಸ್. ಚಿಕ್ಕರಂಗಪ್ಪ ಬಾಲ್ಯದಲ್ಲಿ ಈಗಲ್‌ಟನ್ ಮೈದಾನದಲ್ಲಿ ಕೆಲಸ ಮಾಡುತ್ತಲೇ ಆಟ ಕಲಿತು ವೃತ್ತಿಪರರಾದರು. ಇಬ್ಬರಿಗೂ ಮೈದಾನದ ಬಾಗಿಲು ತೆರೆದದ್ದು ಕೆಲಸಗಾರರ ದಾರಿಯಿಂದ.

ಇಲ್ಲಿಯೇ ಒಂದು ಮೈದಾನ ಆಗಬಾರದೇ?

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಜಪಾನಿ ಕಂಪನಿಗಳಿಗಾಗಿ ಟೌನ್‌ಶಿಪ್ ಗುರುತಿಸಲಾಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಇಂಥ ಕಡೆಗಳಲ್ಲಿ ಗಾಲ್ಫ್ ಮೈದಾನದ ಬೇಡಿಕೆ ಇಂದಲ್ಲ ನಾಳೆ ಬರುವುದು ಸಹಜ. ಬಂದಾಗ ಮೊದಲು ಕೇಳಬೇಕಾದುದು ನೀರಿನ ಪ್ರಶ್ನೆ.

ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ನೀರು ಎಂದು ಹಿಡಿದರೂ ಎಕರೆಗೆ ಸುಮಾರು 20 ಸಾವಿರ ಲೀಟರ್ ಬೇಕು. 50 ಎಕರೆ ಹುಲ್ಲಿಗೆ ದಿನಕ್ಕೆ 10 ಲಕ್ಷ ಲೀಟರ್. ತುಮಕೂರು ನಗರ ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದು ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿಯನ್ನು. ಅದೇ ಹೇಮಾವತಿಯನ್ನು ಕುಣಿಗಲ್ ಕಡೆಗೆ ಪೈಪ್‌ಲೈನ್‌ನಲ್ಲಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಷಯದಲ್ಲಿ ಎರಡು ತಾಲ್ಲೂಕುಗಳು ಎದುರುಬದುರಾಗಿವೆ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ದೊಡ್ಡ ಪ್ರತಿಭಟನೆ ನಡೆಸಿದರು. ತೆಂಗಿನ ಬುಡಕ್ಕೆ ನೀರಿಲ್ಲದ ಊರಿನಲ್ಲಿ ಕುಳಿಯ ಸುತ್ತ ನೀರು ಚಿಮ್ಮಿಸುವುದನ್ನು ಯಾರೂ ಸಹಿಸರು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂ. ದಂಡ ಎಂದು ಆದೇಶಿಸಿದ್ದು ನೆನಪಿರಬಹುದು. ಕೊಳಚೆ ನೀರನ್ನು ಸಂಸ್ಕರಿಸಿ ಬಳಸುವ ವ್ಯವಸ್ಥೆ ಇಲ್ಲದೆ ಮೈದಾನದ ಮಾತೆತ್ತುವುದೇ ತಪ್ಪು.

ಭೂಮಿಯ ಪ್ರಶ್ನೆಯೂ ಸಣ್ಣದಲ್ಲ. ಕುಣಿಗಲ್‌ನಲ್ಲಿ 400ಕ್ಕೂ ಹೆಚ್ಚು ಎಕರೆ ಹುಲ್ಲುಗಾವಲು ಇದೆ, ಅದು ಕುದುರೆಗಳದು. ಹೈದರ್, ಟಿಪ್ಪು ಕಾಲದ ನಂಟಿರುವ ಆ ಸ್ಟಡ್ ಫಾರಂ 1992ರಿಂದ 30 ವರ್ಷಗಳ ಗುತ್ತಿಗೆಯಲ್ಲಿತ್ತು. ಅಲ್ಲಿ ಟೌನ್‌ಶಿಪ್ ನಿರ್ಮಿಸುವ ಸರ್ಕಾರದ ಪ್ರಸ್ತಾವ 2024ರಲ್ಲಿ ಸುದ್ದಿಯಾದಾಗ ವಿರೋಧ ಕೇಳಿಬಂತು. ಒಮ್ಮೆ ಕೈಬಿಟ್ಟ ಹಸಿರು ಮತ್ತೆ ಸಿಗುವುದಿಲ್ಲವೆಂಬ ಆತಂಕ ಅಲ್ಲಿನ ಜನರದು.

ಆದರೆ ಗಾಲ್ಫ್ ಕಲಿಯಲು 18 ಕುಳಿಗಳೇ ಬೇಕೆಂದಿಲ್ಲ. ನೀರಿಲ್ಲದ ಕಡೆಗಳಲ್ಲಿ ಹಿಂದಿನವರು ಹುಲ್ಲಿನ ಗ್ರೀನ್ ಬದಲು ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ 'ಬ್ರೌನ್'ಗಳ ಮೇಲೆ ಆಡುತ್ತಿದ್ದರು. ನಾಲ್ಕಾರು ಎಕರೆ ಉದ್ದನೆಯ ಜಾಗ, ಒಂದು ಬಲೆ, ಚಾಪೆಗಳಿದ್ದರೆ ಡ್ರೈವಿಂಗ್ ರೇಂಜ್ ಅಂದರೆ ಅಭ್ಯಾಸ ಅಂಗಣ ಸಿದ್ಧ. ಹುಲ್ಲು ಒಣಗಿದರೂ ನಡೆಯುತ್ತದೆ. ವಿಶ್ವವಿದ್ಯಾಲಯವೋ, ಎಂಜಿನಿಯರಿಂಗ್ ಕಾಲೇಜೋ ಮನಸ್ಸು ಮಾಡಿದರೆ ತುಮಕೂರಿನಲ್ಲಿ ಇದು ಅಸಾಧ್ಯವೇನಲ್ಲ.

ಹೊರಡುವ ಮುನ್ನ

ಸದ್ಯಕ್ಕೆ ಬೆಂಗಳೂರಿಗೆ ಹೋಗಿ ಕಲಿಯುವವರು ಮೊದಲ ಆರು ತಿಂಗಳು ಗ್ರೀನ್ ಫೀ, ಕಾರ್ಡು ಯಾವುದರ ಗೋಜಿಗೂ ಹೋಗದೆ ಅಭ್ಯಾಸ ಅಂಗಣದಲ್ಲಿ ಬುಟ್ಟಿ ಲೆಕ್ಕದಲ್ಲಿ ಚೆಂಡು ಪಡೆದು ಹೊಡೆಯುವುದು ಲೇಸು. ಖರ್ಚು ಒಂದು ಸುತ್ತಿನ ಸಣ್ಣ ಪಾಲು. ಕಾರ್ಡು ಕೊಳ್ಳುವ ಮುನ್ನ ಅದರಲ್ಲಿ ಹೆಸರಿಸಿರುವ ಮೈದಾನಕ್ಕೇ ದೂರವಾಣಿ ಮಾಡಿ ಮೂರು ವಿಷಯ ಕೇಳಬೇಕು: ಈ ಕಾರ್ಡನ್ನು ಈಗಲೂ ಒಪ್ಪುತ್ತೀರಾ, ಯಾವ ದಿನ, ಯಾವ ಹೊತ್ತಿಗೆ, ಹ್ಯಾಂಡಿಕ್ಯಾಪ್ ಪತ್ರ ಬೇಕೇ? ಉತ್ತರವನ್ನು ಇ-ಮೇಲ್‌ನಲ್ಲಿ ಪಡೆದರೆ ಇನ್ನೂ ಒಳ್ಳೆಯದು. ಹಲವು ಮೈದಾನಗಳು ಹುಲ್ಲಿನ ನಿರ್ವಹಣೆಗಾಗಿ ಸೋಮವಾರ ಮುಚ್ಚಿರುತ್ತವೆ. ಕಾಲರ್ ಇಲ್ಲದ ಟೀ ಶರ್ಟ್, ಜೀನ್ಸ್ ಹಾಕಿ ಹೋದವರನ್ನು ಬಾಗಿಲಿನಿಂದಲೇ ಹಿಂದೆ ಕಳಿಸುವುದುಂಟು. ಕ್ಯಾಡಿಯ ಕೂಲಿ ಯಾವ ಕಾರ್ಡಿನಲ್ಲಿಯೂ ಸೇರಿರುವುದಿಲ್ಲವಾದ್ದರಿಂದ ಅದಕ್ಕೆ ನಗದು ಕೈಯಲ್ಲಿರಲಿ.